ಚಳಿಗಾಲಕ್ಕೆ ಮೋಟಾರ್ ಬೋಟ್ ಎತ್ತಿಡುವುದು, ಮತ್ತೆ ನೀರಿಗಿಳಿಸುವುದು

ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ. ಎಂಜಿನ್ ಬ್ಲಾಕಿನ ಒಳದಾರಿಗಳಲ್ಲಿ ಸಿಕ್ಕಿಕೊಂಡ ನೀರಿಗೆ ಹಿಗ್ಗಲು ಜಾಗವಿಲ್ಲ, ಎರಕದ ಕಬ್ಬಿಣಕ್ಕೆ ಬಗ್ಗುವ ಗುಣವಿಲ್ಲ, ಬ್ಲಾಕ್ ಸೀಳುತ್ತದೆ. ಅದಕ್ಕೆ ಇಡೀ ಚಳಿಗಾಲ ಬೇಕಿಲ್ಲ, ಕಡುಚಳಿಯ ಒಂದೆರಡು ರಾತ್ರಿ ಸಾಕು. ಸೀಳಿದ್ದು ಗೊತ್ತಾಗುವುದು ಮಾತ್ರ ತಿಂಗಳುಗಳ ನಂತರ, ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದಾಗ. ಹಾಗಾಗಿ ವ್ಯಾಕ್ಸ್ ಹಚ್ಚುವುದು, ಹೊದಿಕೆ ಹೊದಿಸುವುದು ಎಲ್ಲ ಆಮೇಲಿನ ಮಾತು. ನೀರು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಹುಡುಕಿ, ಅಲ್ಲಿಂದ ಹೋಗಿದೆ ಎಂದು ಕೈಯಾರೆ ಖಾತ್ರಿ ಮಾಡಿಕೊಳ್ಳುವುದೇ ಮುಖ್ಯ ಕೆಲಸ. ಡ್ರೇನ್ ಪ್ಲಗ್ ಬಿಚ್ಚಿದ ಮಾತ್ರಕ್ಕೆ ಖಾತ್ರಿಯಾಗಲಿಲ್ಲ.

ಕೆಲಸದ ಸರದಿಯೂ ಮುಖ್ಯ. ಎಂಜಿನ್ ಓಡಿಸಿಯೇ ಮಾಡಬೇಕಾದವು ಮೊದಲು: ಇಂಧನಕ್ಕೆ ಸ್ಟೆಬಿಲೈಸರ್ (ಕೆಡದಂತೆ ಕಾಯುವ ದ್ರವ), ಸಿಹಿನೀರಲ್ಲಿ ತೊಳೆಯುವುದು, ಆಯಿಲ್ ಬದಲಾಯಿಸುವುದು, ಕೊನೆಗೆ ಫಾಗಿಂಗ್ (ತುಕ್ಕು ಹಿಡಿಯದಂತೆ ಸಿಲಿಂಡರುಗಳ ಒಳಗೆ ಎಣ್ಣೆ ಸಿಂಪಡಿಸುವುದು). ನಂತರ ನೀರು ಬಸಿಯುವುದು. ಬ್ಯಾಟರಿ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ನೀರು ಬಸಿದಾದ ಮೇಲೆ ‘ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಎಂದು ಪೈಪ್ ಹಚ್ಚಿ ಓಡಿಸಿದರೆ ಬಸಿದದ್ದೆಲ್ಲ ಮತ್ತೆ ತುಂಬಿಕೊಳ್ಳುತ್ತದೆ. ಹೀಗೆ ಹಾಳಾಗುವ ಎಂಜಿನ್‌ಗಳೂ ಇವೆ.

ಇಂಧನ

ಬೋಟಿಗೆ ಕಾಯಂ ಆಗಿ ಕೂರಿಸಿದ ಪೆಟ್ರೋಲ್ ಟ್ಯಾಂಕನ್ನು ಶೇ. 95ರವರೆಗೆ ತುಂಬಿಸಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಹೆಚ್ಚು. ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಆಗುತ್ತ ಆ ಗಾಳಿಯ ತೇವ ಒಳಗೋಡೆಗಳ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ಉಳಿದ ಶೇ. 5ರಷ್ಟು ಜಾಗ ವಸಂತದ ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಬೇಕು. ಟ್ಯಾಂಕಿನ ಗಾಳಿಕಿಂಡಿಯನ್ನು ಎಂದೂ ಮುಚ್ಚಬೇಡಿ. ಕೈಯಲ್ಲಿ ಎತ್ತಿಕೊಂಡು ಹೋಗುವ ಸಣ್ಣ ಟ್ಯಾಂಕಾದರೆ ಈ ತರ್ಕವೇ ಬೇಡ: ಇಂಧನವನ್ನು ಬೇರೆಡೆ ಬಳಸಿ ಮುಗಿಸಿ, ಟ್ಯಾಂಕ್ ಒಣಗಿಸಿಡಿ.

ಸ್ಟೆಬಿಲೈಸರ್‌ನ ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆ. ಬಾಟಲಿಯ ಮೇಲೆ ದಿನಬಳಕೆಗೆ ಒಂದು, ದೀರ್ಘಕಾಲ ಇಡುವುದಕ್ಕೆ ಇನ್ನೊಂದು ಅಳತೆ ಕೊಟ್ಟಿರುತ್ತಾರೆ. ಎರಡನೆಯದನ್ನು ಹಿಡಿಯಿರಿ. ಮೊದಲು ಸ್ಟೆಬಿಲೈಸರ್ ಸುರಿದು ಆಮೇಲೆ ಪೆಟ್ರೋಲ್ ತುಂಬಿಸಿದರೆ ತಾನಾಗಿ ಬೆರೆಯುತ್ತದೆ. ನಂತರ ಎಂಜಿನ್ 10ರಿಂದ 15 ನಿಮಿಷ ಓಡಲೇಬೇಕು. ಅಷ್ಟು ಓಡದಿದ್ದರೆ ಟ್ಯಾಂಕಿನಲ್ಲಿ ಒಳ್ಳೆಯ ಪೆಟ್ರೋಲ್, ಕಾರ್ಬುರೇಟರ್ ಮತ್ತು ಇಂಜೆಕ್ಟರ್‌ಗಳಲ್ಲಿ ಹಳೆಯ ಪೆಟ್ರೋಲ್ ಎಂಬಂತಾಗುತ್ತದೆ. ಮೇಣದಂತೆ ಗಟ್ಟಿಯಾಗಿ ಸಣ್ಣ ಜೆಟ್‌ಗಳನ್ನು ಕಟ್ಟಿಹಾಕುವುದು ಆ ಹಳೆಯದೇ.

ಶೇ. 10 ಎಥೆನಾಲ್ ಇರುವ ಪೆಟ್ರೋಲ್ ತನ್ನೊಳಗೆ ಸುಮಾರು ಶೇ. 0.5ರಷ್ಟು ನೀರನ್ನು ಕರಗಿಸಿಕೊಂಡಿರಬಲ್ಲದು. ಅದನ್ನು ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ, ಎಂಜಿನ್ ಹೀರುವುದು ಆ ತಳದಿಂದಲೇ. ಚಳಿ ಹೆಚ್ಚಿದಷ್ಟೂ ಈ ತಾಳಿಕೆ ಕಡಿಮೆಯಾಗುತ್ತದೆ. ಒಮ್ಮೆ ಬೇರ್ಪಟ್ಟ ಇಂಧನವನ್ನು ಯಾವ ಸ್ಟೆಬಿಲೈಸರೂ ಮತ್ತೆ ಸೇರಿಸಲಾರದು, ಹೊರತೆಗೆಯುವುದೊಂದೇ ದಾರಿ. ಎಥೆನಾಲ್ ಇಲ್ಲದ ಪೆಟ್ರೋಲ್ ಸಿಗುವುದಾದರೆ ವರ್ಷದ ಕೊನೆಯ ಟ್ಯಾಂಕ್ ಅದರದ್ದೇ ಆಗಿರಲಿ.

ಡೀಸೆಲ್ ಟ್ಯಾಂಕನ್ನೂ ತುಂಬಿಸಿಯೇ ಇಡಬೇಕು. ಅಲ್ಲಿನ ತೊಂದರೆ ಬೇರೆ: ತಳದ ನೀರಿಗೂ ಡೀಸೆಲ್‌ಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಬಯೋಸೈಡ್ ಹಾಕಿ, ವಾಟರ್ ಸೆಪರೇಟರಿನ ತಳದ ನೀರು ಬಿಟ್ಟು, ಫಿಲ್ಟರ್ ಬದಲಿಸಿ. ಫಿಲ್ಟರ್ ಬದಲಿಸಿದ ಮೇಲೆ ಲೈನಿನ ಗಾಳಿ ತೆಗೆಯುವುದನ್ನು ವಸಂತಕ್ಕೆ ಮುಂದೂಡಬೇಡಿ.

ಆಯಿಲ್ ಮತ್ತು ಫಾಗಿಂಗ್

ಹೊಸ ಆಯಿಲನ್ನು ಸುಮ್ಮನೆ ನಿಂತ ಎಂಜಿನ್‌ಗೆ ಹಾಕಿ ದಂಡ ಮಾಡುವುದೇಕೆ, ವಸಂತದಲ್ಲಿ ಹಾಕೋಣ ಎಂಬ ವಾದ ಉಂಟು. ಅದು ಸರಿಯಲ್ಲ. ಓಡಿದ ಆಯಿಲಿನಲ್ಲಿ ಆಮ್ಲವೂ ತೇವವೂ ಸೇರಿರುತ್ತವೆ, ನಾಲ್ಕೈದು ತಿಂಗಳು ಅದರಲ್ಲೇ ನೆನೆದು ಕೂತ ಬೇರಿಂಗುಗಳು ಸವೆಯುತ್ತವೆ. ಎಂಜಿನ್ ಬೆಚ್ಚಗಿದ್ದಾಗಲೇ ಆಯಿಲ್ ತೆಗೆಯಿರಿ. ತಣ್ಣಗಾದರೆ ಮಡ್ಡಿ ತಳದಲ್ಲೇ ಉಳಿಯುತ್ತದೆ. ಬಹುತೇಕ ಇನ್‌ಬೋರ್ಡ್‌ಗಳಲ್ಲಿ (ಬೋಟಿನೊಳಗೆ ಕೂರಿಸಿದ ಎಂಜಿನ್) ಕೆಳಗಿನ ಪ್ಲಗ್‌ಗೆ ಕೈ ಹೋಗದು, ಡಿಪ್‌ಸ್ಟಿಕ್ ಕೊಳವೆಯ ಮೂಲಕ ಪಂಪಿನಿಂದ ಹೀರಬೇಕು. ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಎಲ್ಲ ಕಡೆ ಹರಡುವಂತೆ ಎರಡು ನಿಮಿಷ ಓಡಿಸಿ. ಆಗ ತಣಿಸುವ ನೀರಿನ ಪೈಪ್ ಹಚ್ಚಿರಲೇಬೇಕು.

ಕಾರ್ಬುರೇಟರ್ ಎಂಜಿನ್‌ಗೆ ಫಾಗಿಂಗ್ ಸುಲಭ. ಫ್ಲೇಮ್ ಅರೆಸ್ಟರ್ (ಕಾರ್ಬುರೇಟರ್ ಬಾಯಿಯ ಜಾಲರಿ) ತೆಗೆದು, ಸುಮಾರು 1,000ದಿಂದ 1,300 ಆರ್‌ಪಿಎಮ್‌ನಲ್ಲಿ ಓಡುತ್ತಿರುವಾಗ ಕಾರ್ಬುರೇಟರ್ ಬಾಯಿಗೆ ಫಾಗಿಂಗ್ ಆಯಿಲ್ ಸಿಂಪಡಿಸುತ್ತ ಹೋಗಿ. ದಟ್ಟ ಹೊಗೆ ಬಂದು ಎಂಜಿನ್ ತಡವರಿಸತೊಡಗಿದಾಗ ಆಫ್ ಮಾಡಿ. ಇಂಜೆಕ್ಷನ್ ಎಂಜಿನ್‌ಗಳಿಗೆ ಹೀಗೆ ಮಾಡುವಂತಿಲ್ಲ, ಸೆನ್ಸರ್‌ಗಳಿಗೆ ಎಣ್ಣೆ ಮೆತ್ತಿಕೊಳ್ಳುತ್ತದೆ. ಕೆಲವು ತಯಾರಕರು ಸಣ್ಣ ಟ್ಯಾಂಕೊಂದರಲ್ಲಿ 19 ಲೀಟರ್ ಪೆಟ್ರೋಲಿಗೆ 1.9 ಲೀಟರ್ ಟು-ಸ್ಟ್ರೋಕ್ ಆಯಿಲ್, ಜೊತೆಗೆ 150 ಮಿ.ಲೀ. ಸ್ಟೆಬಿಲೈಸರ್ ಬೆರೆಸಿ, ಎಂಜಿನನ್ನು ಅದರ ಮೇಲೆ ಐದು ನಿಮಿಷ ಓಡಿಸಲು ಹೇಳುತ್ತಾರೆ. ನಿಮ್ಮ ಎಂಜಿನಿನ ಕೈಪಿಡಿ ಇದನ್ನು ಒಪ್ಪಿದರೆ ಮಾತ್ರ ಮಾಡಿ. ಇಲ್ಲವಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಕೆಲವು ಸೆಕೆಂಡ್ ಫಾಗಿಂಗ್ ಆಯಿಲ್ ಬಿಟ್ಟು, ಎಂಜಿನ್ ಸ್ಟಾರ್ಟ್ ಆಗದಂತೆ ಸೇಫ್ಟಿ ಲ್ಯಾನ್ಯಾರ್ಡ್ (ಎಂಜಿನ್ ನಿಲ್ಲಿಸುವ ದಾರ) ತೆಗೆದಿಟ್ಟು ಒಂದೆರಡು ಸುತ್ತು ತಿರುಗಿಸಿ, ಪ್ಲಗ್ ಮತ್ತೆ ಹಾಕಿ. ಇಂಜೆಕ್ಷನ್ ಎಂಜಿನನ್ನು ಇಂಧನ ಮುಗಿಯುವವರೆಗೆ ಓಡಿಸಿ ಖಾಲಿ ಮಾಡುವ ಹಳೆಯ ಪದ್ಧತಿ ಬೇಡ: ಒಳಗಿನ ಪಂಪಿಗೆ ತಂಪೂ ಜಾರಿಕೆಯೂ ಸಿಗುವುದು ಆ ಇಂಧನದಿಂದಲೇ.

ನೀರು ಬಸಿಯುವುದು

ಕೆರೆ ಅಥವಾ ಸಮುದ್ರದ ನೀರನ್ನೇ ನೇರವಾಗಿ ಬ್ಲಾಕಿನೊಳಗೆ ಹಾಯಿಸುವ ಇನ್‌ಬೋರ್ಡ್ ಮತ್ತು ಸ್ಟರ್ನ್‌ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲ್ಲರ್ ಘಟಕ ಹಿಂಬದಿಯ ಹೊರಗೆ) ಎಂಜಿನ್‌ಗಳಿಗೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಸಾಮಾನ್ಯ ವಿ-6, ವಿ-8 ಎಂಜಿನಿನಲ್ಲಿ ಬ್ಲಾಕಿನ ಎರಡೂ ಬದಿಗೆ ಒಂದೊಂದು ಡ್ರೇನ್ ಪ್ಲಗ್, ಎರಡು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳ ತಳದಲ್ಲಿ ಒಂದೊಂದು, ಸರ್ಕ್ಯುಲೇಟಿಂಗ್ ಪಂಪಿಗೆ ಹೋಗುವ ದಪ್ಪ ಹೋಸ್‌ನ ಅತಿ ಕೆಳಗಿನ ತುದಿ, ಹೊರಗಿನ ನೀರೆಳೆಯುವ ರಾ-ವಾಟರ್ ಪಂಪಿನ ಎರಡು ಹೋಸ್ — ಇಷ್ಟಂತೂ ಇರುತ್ತವೆ. ಪವರ್ ಸ್ಟಿಯರಿಂಗ್ ಕೂಲರ್, ನೀರಿನ ಸ್ಟ್ರೇನರ್, ಎಕ್ಸಾಸ್ಟಿನ ಮಫ್ಲರ್ ಇವನ್ನು ಮರೆಯುವವರೇ ಜಾಸ್ತಿ. ಬೋಟ್ ಸಮತಟ್ಟಾಗಿ, ಇಲ್ಲವೇ ಮೂತಿ ಸ್ವಲ್ಪ ಮೇಲಾಗಿ ನಿಂತಿರಲಿ.

ಪ್ಲಗ್ ಬಿಚ್ಚಿದಾಗ ನೀರು ಧಾರೆಯಾಗಿ ಬರಬೇಕು. ನಾಲ್ಕು ಹನಿ ತೊಟ್ಟಿಕ್ಕಿ ನಿಂತರೆ ಒಳಗೆ ನೀರಿಲ್ಲ ಎಂದು ತಿಳಿಯಬೇಡಿ. ತುಕ್ಕಿನ ಹಕ್ಕಳೆ, ಮರಳು ಒಳಗಿಂದ ತೂತನ್ನು ಮುಚ್ಚಿರುವುದೇ ಹೆಚ್ಚು. ಗಟ್ಟಿ ತಂತಿಯೊಂದನ್ನು ಒಳಕ್ಕೆ ತೂರಿಸಿ ಕೆದಕಿ. ಎರಡೂ ಬದಿಯಿಂದ ಬಂದ ನೀರನ್ನು ಬೇರೆ ಬೇರೆ ಡಬ್ಬದಲ್ಲಿ ಹಿಡಿದರೆ ಇನ್ನೊಂದು ಸುಳಿವು ಸಿಗುತ್ತದೆ. ಎಡಕ್ಕೆ ಎರಡು ಲೀಟರ್ ಬಂದು ಬಲಕ್ಕೆ ಅರ್ಧ ಲೀಟರ್ ಬಂದಿದ್ದರೆ ಬಲಗಡೆ ಇನ್ನೂ ಕೆಲಸ ಇದೆ. ಕೊನೆಗೆ, ಸ್ಟಾರ್ಟ್ ಆಗದಂತೆ ಇಗ್ನಿಷನ್ ತಪ್ಪಿಸಿ ಒಂದೆರಡು ಸೆಕೆಂಡ್ ಕ್ರ್ಯಾಂಕ್ ಮಾಡಿದರೆ ಪಂಪಿನಲ್ಲಿ ಉಳಿದದ್ದೂ ಹೊರಬೀಳುತ್ತದೆ.

ಬ್ಲಾಕಿನ ಬದಿಯಲ್ಲಿ ಕಾಣುವ ದುಂಡನೆಯ ‘ಫ್ರೀಜ್ ಪ್ಲಗ್’ಗಳನ್ನು ನಂಬಿ ಕೂರಬೇಡಿ. ಅವು ಎರಕ ಹೊಯ್ಯುವಾಗ ಮರಳು ತೆಗೆಯಲು ಬಿಟ್ಟ ತೂತುಗಳ ಮುಚ್ಚಳ. ಹೆಪ್ಪುಗಟ್ಟಿದಾಗ ಕೆಲವೊಮ್ಮೆ ಹೊರಚಿಮ್ಮುತ್ತವೆ, ಅಷ್ಟರಲ್ಲಿ ಬ್ಲಾಕೂ ಸೀಳಿರಬಹುದು.

ಬಸಿದ ಮೇಲೆ ಒಣಗಲು ಬಿಡಬೇಕೋ, ಆಂಟಿಫ್ರೀಜ್ (ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ ದ್ರವ) ತುಂಬಿಸಬೇಕೋ? ಎರಡೂ ನಡೆಯುತ್ತದೆ, ಬಸಿಯುವುದು ಪೂರ್ತಿಯಾಗಿದ್ದರೆ. ತುಂಬಿಸುವುದೇ ಒಳ್ಳೆಯದು ಎನ್ನಲು ಎರಡು ಕಾರಣ: ಎಲ್ಲೋ ಉಳಿದ ಒಂದಿಷ್ಟು ನೀರಿನೊಡನೆ ಅದು ಬೆರೆಯುತ್ತದೆ, ಮತ್ತು ಅದರಲ್ಲಿರುವ ತುಕ್ಕುನಿರೋಧಕ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಆದರೆ ತುಂಬಿಸುವ ಕ್ರಮ ತಪ್ಪುವುದು ಇಲ್ಲಿಯೇ. ಬಕೆಟ್‌ನಿಂದ ಆಂಟಿಫ್ರೀಜ್ ಹೀರಿಸುತ್ತ ಎಂಜಿನ್ ಓಡಿಸಿ, ಎಕ್ಸಾಸ್ಟಿನಲ್ಲಿ ಗುಲಾಬಿ ಬಣ್ಣ ಕಂಡ ಕೂಡಲೇ ಮುಗಿಯಿತು ಎಂದುಕೊಳ್ಳುತ್ತಾರೆ. ಥರ್ಮೋಸ್ಟಾಟ್ ತೆರೆಯುವುದು 60-70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಅದು ಮುಚ್ಚಿರುವಾಗ ಆಂಟಿಫ್ರೀಜ್ ಬ್ಲಾಕಿಗೆ ಹೋಗದೆ ಮ್ಯಾನಿಫೋಲ್ಡ್ ಹಾದು ಹೊರಗೆ ಹೋಗುತ್ತದೆ. ಬ್ಲಾಕಿನಲ್ಲಿ ಹಳೆಯ ನೀರೇ ಉಳಿಯುತ್ತದೆ. ಆದ್ದರಿಂದ ಬಸಿದು, ಪ್ಲಗ್ ಹಾಕಿ, ಥರ್ಮೋಸ್ಟಾಟ್ ಹೌಸಿಂಗ್‌ನ ಹೋಸ್ ಬಿಚ್ಚಿ ಮೇಲಿನಿಂದ ನೇರವಾಗಿ ಬ್ಲಾಕಿಗೂ ಮ್ಯಾನಿಫೋಲ್ಡ್‌ಗಳಿಗೂ ಸುರಿಯಿರಿ, ತುಂಬಿ ಹೊರಬರುವವರೆಗೆ.

ಬಳಸಬೇಕಾದದ್ದು ಪ್ರೊಪಿಲಿನ್ ಗ್ಲೈಕಾಲ್. ಕಾರಿಗೆ ಹಾಕುವ ಎಥಿಲಿನ್ ಗ್ಲೈಕಾಲ್ ವಿಷ, ವಸಂತದಲ್ಲಿ ಅದೆಲ್ಲ ನೀರಿಗೇ ಹೋಗುತ್ತದೆ. ಡಬ್ಬದ ಮೇಲಿನ ‘ಮೈನಸ್ 50’ ನೋಡಿ ಮೋಸಹೋಗಬೇಡಿ. ಅದು ಫ್ಯಾರನ್‌ಹೀಟ್ ಲೆಕ್ಕ, ಅಂದರೆ ಸುಮಾರು ಮೈನಸ್ 46 ಸೆಲ್ಸಿಯಸ್. ಜೊತೆಗೆ ಅದು ಕೊಳವೆ ಒಡೆಯದೆ ತಾಳುವ ಮಿತಿ. ದ್ರವ ಮಂಜುಗಡ್ಡೆಯ ಗಂಜಿಯಂತಾಗುವುದು ಅದಕ್ಕಿಂತ ಬಹಳ ಮೊದಲೇ. ಒಳಗೆ ಉಳಿದ ನೀರಿನೊಡನೆ ಬೆರೆತರೆ ಆ ಮಿತಿಯೂ ಉಳಿಯುವುದಿಲ್ಲ. ಕಡುಚಳಿಯ ಜಾಗಗಳಲ್ಲಿ ‘ಮೈನಸ್ 100’ ಬಗೆಯದನ್ನೇ ಹಾಕಿ, ನೀರು ಬೆರೆಸಬೇಡಿ.

ಕಾರಿನಂತೆ ಮುಚ್ಚಿದ ಕೂಲಂಟ್ ವ್ಯವಸ್ಥೆಯ ಎಂಜಿನ್ ಇದ್ದವರು ನಿಶ್ಚಿಂತರಾಗುವಂತಿಲ್ಲ. ಕೂಲಂಟನ್ನು ರಿಫ್ರಾಕ್ಟೋಮೀಟರಿನಲ್ಲಿ ಪರೀಕ್ಷಿಸಿ; ಎಥಿಲಿನ್ ಗ್ಲೈಕಾಲ್ ಮತ್ತು ನೀರು ಅರ್ಧರ್ಧ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ತಾಳುತ್ತದೆ. ಆದರೆ ಹೀಟ್ ಎಕ್ಸ್‌ಚೇಂಜರಿನ ಇನ್ನೊಂದು ಬದಿಯಲ್ಲಿ ಹೊರಗಿನ ನೀರೇ ಹರಿಯುವುದು, ಅದನ್ನು ಬಸಿಯಲೇಬೇಕು.

ಬೋಟಿನ ಹಿಂಬದಿಗೆ ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಈ ಎಲ್ಲದರಿಂದ ಪಾರು. ನೆಟ್ಟಗೆ ಇಳಿಸಿ ನಿಲ್ಲಿಸಿದರೆ ನೀರು ತಾನಾಗಿ ಹೊರಗೆ ಹೋಗುತ್ತದೆ. ಮೊದಲು ಮಫ್ (ನೀರೆಳೆಯುವ ಕಿಂಡಿಗಳಿಗೆ ಪೈಪ್ ಹಚ್ಚುವ ರಬ್ಬರ್ ಬಟ್ಟಲು) ಹಾಕಿ ಸಿಹಿನೀರಲ್ಲಿ 10 ನಿಮಿಷ, ಐಡಲ್ ವೇಗದಲ್ಲಿ ಓಡಿಸಿ ಉಪ್ಪು ತೊಳೆಯಿರಿ. ನೀರು ಬಿಟ್ಟ ಮೇಲೆ ಸ್ಟಾರ್ಟ್, ಆಫ್ ಮಾಡಿದ ಮೇಲೆ ನೀರು ಬಂದ್. ಒಣಗಿ ಓಡಿದರೆ ನೀರೆತ್ತುವ ಪಂಪಿನ ಚಕ್ರವಾದ ಇಂಪೆಲ್ಲರಿನ ರಬ್ಬರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಚಳಿಗಾಲವಿಡೀ ಮೇಲಕ್ಕೆ ಟಿಲ್ಟ್ ಮಾಡಿ ಇಡಬೇಡಿ. ಮಳೆ, ಹಿಮದ ನೀರು ಪ್ರೊಪೆಲ್ಲರಿನ ಎಕ್ಸಾಸ್ಟ್ ಬಾಯಿಯಿಂದ ಇಳಿದು ಒಳಗೆ ನಿಂತು ಗೇರ್‌ಕೇಸನ್ನು ಒಡೆಯುತ್ತದೆ. ಸ್ಟರ್ನ್‌ಡ್ರೈವ್ ಕೂಡ ಕೆಳಗೇ ಇರಲಿ: ನೀರೂ ಇಳಿಯುತ್ತದೆ, ಡ್ರೈವಿನ ಕೀಲಿಗೆ ನೀರು ನುಗ್ಗದಂತೆ ಮುಚ್ಚುವ ರಬ್ಬರ್ ಬೆಲೋಸ್ ಮಡಿಕೆ ಬಿದ್ದು ಬಿರಿಯುವುದೂ ತಪ್ಪುತ್ತದೆ.

ಗೇರ್‌ಕೇಸ್, ಪ್ರೊಪೆಲ್ಲರ್, ಆನೋಡ್

ಗೇರ್ ಆಯಿಲ್ ಬದಲಾವಣೆಯನ್ನು ಚಳಿಗೆ ಮುಂಚೆಯೇ ಮಾಡಲು ಒಂದೇ ಕಾರಣ ಸಾಕು: ಸೀಲ್ ಸೋರಿ ಒಳಗೆ ನೀರು ಸೇರಿದ್ದರೆ ಅದು ಆಗಲೇ ಕಾಣುತ್ತದೆ. ಕೆಳಗಿನ ಸ್ಕ್ರೂ ಬಿಚ್ಚಿ ಕೆಳಗೆ ತಟ್ಟೆ ಹಿಡಿದು, ಆಮೇಲೆ ಮೇಲಿನದನ್ನು ಬಿಚ್ಚಿ. ಮೊದಲು ಸ್ಪಷ್ಟ ನೀರು ಬಂದರೆ, ಅಥವಾ ಆಯಿಲ್ ಹಾಲುಬಣ್ಣಕ್ಕಿದ್ದರೆ, ಸೀಲ್ ಬದಲಿಸದೆ ಚಳಿಗಾಲಕ್ಕೆ ಬಿಡಬೇಡಿ. ಸ್ಕ್ರೂವಿನ ಅಯಸ್ಕಾಂತಕ್ಕೆ ಹಿಟ್ಟಿನಂಥ ಬೂದು ಪುಡಿ ಅಂಟಿದ್ದರೆ ಸಹಜ ಸವೆತ. ಚೂರು, ಚಕ್ಕೆ ಸಿಕ್ಕರೆ ಗೇರ್ ನೋಡಿಸಿ. ತುಂಬಿಸುವುದು ಯಾವಾಗಲೂ ಕೆಳಗಿನ ತೂತಿನಿಂದ, ಮೇಲಿನಿಂದ ಗುಳ್ಳೆಯಿಲ್ಲದೆ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಆಯಿಲ್ ಕಡಿಮೆ ಬೀಳುತ್ತದೆ. ತುಂಬಿದ ಮೇಲೆ ಮೇಲಿನ ಸ್ಕ್ರೂ ಮೊದಲು ಬಿಗಿಯಿರಿ, ಆಗ ಪಂಪ್ ತೆಗೆದು ಕೆಳಗಿನದನ್ನು ಹಾಕುವಷ್ಟರಲ್ಲಿ ಹೆಚ್ಚು ಸೋರುವುದಿಲ್ಲ. ವಾಷರ್ ಎರಡೂ ಹೊಸದೇ ಇರಲಿ.

ಪ್ರೊಪೆಲ್ಲರ್ ಬಿಚ್ಚಿದಾಗ ಶಾಫ್ಟ್‌ಗೆ ಸುತ್ತಿಕೊಂಡ ಗಾಳದ ದಾರ ಹುಡುಕಿ. ಸೀಲನ್ನು ಕೊಯ್ಯುವುದು ಹೆಚ್ಚಾಗಿ ಅದೇ. ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನ್) ಮರೀನ್ ಗ್ರೀಸ್ ಹಚ್ಚಿ ಹಾಕಿ, ಸ್ಪ್ಲಿಟ್ ಪಿನ್ ಹೊಸದು ಬಳಸಿ. ಆನೋಡ್ (ಉಳಿದ ಲೋಹದ ಬದಲು ತಾನೇ ಕರಗುವ ಲೋಹದ ತುಂಡು) ಅರ್ಧ ಕರಗಿದ್ದರೆ ಬದಲಿಸಿ. ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಮ್, ಎರಡರ ನಡುವೆ ಓಡಾಡುವವರಿಗೆ ಅಲ್ಯುಮಿನಿಯಮ್. ಆನೋಡ್ ಮೇಲೆ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ.

ಸ್ಟಿಯರಿಂಗ್ ಕೇಬಲ್ಲಿಗೆ ಗ್ರೀಸ್ ತುಂಬುವಾಗ ರಾಡ್ ಪೂರ್ತಿ ಒಳಗೆ ಹೋಗಿರಲಿ. ಹೊರಗಿದ್ದಾಗ ತುಂಬಿದರೆ ಗ್ರೀಸೇ ಬಿರಡೆಯಂತೆ ನಿಂತು ಸ್ಟಿಯರಿಂಗ್ ಕಚ್ಚಿಕೊಳ್ಳುತ್ತದೆ.

ಬ್ಯಾಟರಿ, ಕುಡಿಯುವ ನೀರು, ಹೊದಿಕೆ

ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ಮೈನಸ್ 50ರ ಚಳಿಗೂ ಹೆಪ್ಪುಗಟ್ಟದು. ಇಳಿದುಹೋದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಒಡೆಯಬಹುದು. ನೆಗೆಟಿವ್ ಮೊದಲು ಬಿಚ್ಚಿ, ಟರ್ಮಿನಲ್ಲಿನ ಕಿಲುಬನ್ನು ಅಡುಗೆ ಸೋಡಾ ನೀರಲ್ಲಿ ತೊಳೆದು, 12.6 ವೋಲ್ಟ್ ಮೇಲಿಟ್ಟು, ತಿಂಗಳಿಗೊಮ್ಮೆ ನೋಡಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಅರ್ಧದಷ್ಟು ಚಾರ್ಜ್‌ನಲ್ಲಿ ಒಳಗೆ ಇಡಿ.

ನಲ್ಲಿ, ಶೌಚ, ಡೆಕ್ ತೊಳೆಯುವ ಪಂಪ್, ಲೈವ್‌ವೆಲ್ (ಹಿಡಿದ ಮೀನಿನ ತೊಟ್ಟಿ) ಎಲ್ಲ ಖಾಲಿ ಮಾಡಿ ಒಂದೊಂದರಲ್ಲೂ ಗುಲಾಬಿ ಆಂಟಿಫ್ರೀಜ್ ಬರುವವರೆಗೆ ಪಂಪ್ ಓಡಿಸಿ. ವಾಟರ್ ಹೀಟರನ್ನು ಬಸಿದು ಬೈಪಾಸ್ ಮಾಡಿ, ಇಲ್ಲದಿದ್ದರೆ ಹತ್ತಾರು ಲೀಟರ್ ಆಂಟಿಫ್ರೀಜ್ ಅದೊಂದಕ್ಕೇ ಬೇಕು. ಬೋಟ್ ನೆಲದ ಮೇಲಿದ್ದರೆ ಸೀಕಾಕ್‌ಗಳು (ತಳದ ತೂತುಗಳ ವಾಲ್ವ್‌ಗಳು) ತೆರೆದಿರಲಿ. ಮುಚ್ಚಿದ ಬಾಲ್ ವಾಲ್ವಿನ ಒಳಗೆ ಸಿಕ್ಕ ನೀರು ಅದನ್ನೇ ಸೀಳುತ್ತದೆ. ಬಿಲ್ಜ್‌ನ (ಬೋಟಿನ ಒಳತಳ) ಡ್ರೇನ್ ಪ್ಲಗ್ ತೆಗೆದು, ಮೂತಿಯನ್ನು ಎತ್ತರಿಸಿ ನಿಲ್ಲಿಸಿ. ತೆಗೆದ ಪ್ಲಗ್‌ಗಳನ್ನೆಲ್ಲ ಚೀಲಕ್ಕೆ ಹಾಕಿ, ಎಷ್ಟು, ಎಲ್ಲಿಯವು ಎಂದು ಚೀಟಿ ಬರೆದು ಸ್ಟಿಯರಿಂಗ್‌ಗೆ ಕಟ್ಟಿಬಿಡಿ.

ತಳಕ್ಕೆ ಅಂಟಿದ ಪಾಚಿ, ಚಿಪ್ಪುಗಳನ್ನು ನೀರಿನಿಂದ ಎತ್ತಿದ ದಿನವೇ ಒತ್ತಡದ ನೀರಿನಿಂದ ತೊಳೆಯಿರಿ. ಒಣಗಿದ ಮೇಲೆ ಉಜ್ಜಿ ತೆಗೆಯುವುದು ನರಕ. ಹೊದಿಕೆ ಇಳಿಜಾರಾಗಿರಲಿ, ನಡುವೆ ಗಳು ಕೊಟ್ಟು ಹಿಮ ಜಾರುವಂತೆ ಮಾಡಿ, ಎರಡೂ ತುದಿಯಲ್ಲಿ ಗಾಳಿಯಾಡಲು ಬಿಡಿ. ಬಿಗಿಯಾಗಿ ಮುಚ್ಚಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಹೊದಿಕೆಯ ಹಗ್ಗವನ್ನು ಬೋಟನ್ನು ಆನಿಸಿ ನಿಲ್ಲಿಸಿದ ಸ್ಟ್ಯಾಂಡ್‌ಗಳಿಗೆ ಎಂದೂ ಕಟ್ಟಬೇಡಿ: ಗಾಳಿಗೆ ಟಾರ್ಪಾಲ್ ಬಡಿದಾಡಿದರೆ ಸ್ಟ್ಯಾಂಡ್ ಕಿತ್ತು ಬೋಟ್ ಮಗುಚುತ್ತದೆ.

ಮತ್ತೆ ನೀರಿಗೆ

ಕೀ ತಿರುಗಿಸುವ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲುಬಣ್ಣಕ್ಕಿದ್ದರೆ, ಇಲ್ಲವೇ ಮಟ್ಟ ಏರಿದ್ದರೆ ಅಲ್ಲೇ ನಿಲ್ಲಿಸಿ. ಕ್ರ್ಯಾಂಕ್ ಮಾಡಿದರೆ ಹಾನಿ ಹೆಚ್ಚುತ್ತದೆ. ಸರಿಯಿದ್ದರೆ ಚೀಲದ ಪ್ಲಗ್‌ಗಳನ್ನು ಎಣಿಸಿ ಹಾಕಿ, ಹೋಸ್‌ಗಳನ್ನು ಹಿಚುಕಿ ನೋಡಿ. ಮೆತ್ತಗಾದದ್ದು, ಬಿರುಕು ಬಿಟ್ಟದ್ದು ಬದಲಾಗಲಿ. ಬೆಲ್ಟ್, ಕ್ಲಿಪ್, ಬೆಲೋಸ್ ಕೂಡ. ಎಕ್ಸಾಸ್ಟಿಗೆ ಇಲಿ ನುಗ್ಗದಂತೆ ತುರುಕಿದ ಏನಿದ್ದರೂ ತೆಗೆಯುವುದು ಮರೆಯಬೇಡಿ.

ಇಂಪೆಲ್ಲರಿಗೆ ಎರಡು-ಮೂರು ವರ್ಷ ಆಗಿದ್ದರೆ ಈಗಲೇ ಹೊಸದು ಹಾಕಿ. ತಿಂಗಳುಗಟ್ಟಲೆ ಬಾಗಿ ಕೂತ ಎಸಳುಗಳು ಹಾಗೆಯೇ ಗಟ್ಟಿಯಾಗಿ ನೀರೆತ್ತುವುದು ಕಡಿಮೆಯಾಗುತ್ತದೆ. ಸೋಪಿನ ನೀರು ಸವರಿ, ತಿರುಗುವ ದಿಕ್ಕಿಗೆ ಎಸಳುಗಳು ಹಿಂದಕ್ಕೆ ಬಾಗುವಂತೆ ಕೂರಿಸಿ. ಹಳೆಯದರಲ್ಲಿ ಎಸಳೊಂದು ಮುರಿದು ಕಾಣೆಯಾಗಿದ್ದರೆ ಆ ತುಣುಕು ಸಿಗುವವರೆಗೆ ಮುಂದಿನ ಹೋಸ್, ಕೂಲರ್‌ಗಳಲ್ಲಿ ಹುಡುಕಬೇಕು. ಅದು ನೀರಿನ ದಾರಿಗೆ ಅಡ್ಡ ಕೂತರೆ ಹೊಸ ಇಂಪೆಲ್ಲರ್ ಹಾಕಿಯೂ ಎಂಜಿನ್ ವಿಪರೀತ ಬಿಸಿಯಾಗುತ್ತದೆ.

ಬ್ಯಾಟರಿಗೆ ಪಾಸಿಟಿವ್ ಮೊದಲು. ಪೆಟ್ರೋಲ್ ಇನ್‌ಬೋರ್ಡ್ ಆದರೆ ಎಂಜಿನ್ ಕೋಣೆಯ ಮುಚ್ಚಳ ತೆಗೆದು ಮೂಸಿ ನೋಡಿ, ಬ್ಲೋವರ್ ಕನಿಷ್ಠ ನಾಲ್ಕು ನಿಮಿಷ ಓಡಿಸಿ. ಪ್ರೈಮರ್ ಬಲ್ಬ್ ಒತ್ತಿದಾಗ ಲೈನಿನಲ್ಲಿ ಎಲ್ಲಾದರೂ ಜಿನುಗುತ್ತದೆಯೇ ನೋಡಿ. ಮಫ್ ಹಾಕಿ, ನೀರು ಬಿಟ್ಟು ಸ್ಟಾರ್ಟ್ ಮಾಡಿ. ಆಂಟಿಫ್ರೀಜ್ ಹೊರಬರುತ್ತದೆ, ಅದನ್ನು ತೊಟ್ಟಿಯಲ್ಲಿ ಹಿಡಿಯಿರಿ. ಮೊದಲ ಕೆಲವು ನಿಮಿಷದ ದಟ್ಟ ಹೊಗೆ ಫಾಗಿಂಗ್ ಆಯಿಲಿನದು. ಅದು ಹೋದ ಮೇಲೂ ಎಂಜಿನ್ ತಡವರಿಸಿದರೆ ಸ್ಪಾರ್ಕ್ ಪ್ಲಗ್ ಎಣ್ಣೆ ಹಿಡಿದಿರುತ್ತದೆ, ಬದಲಿಸಿ. ಔಟ್‌ಬೋರ್ಡಿನಲ್ಲಿ ತಣಿಸುವ ನೀರು ಹರಿಯುತ್ತಿದೆ ಎಂದು ತೋರಿಸುವ ಟೆಲ್‌ಟೇಲ್ ತೂತಿನಿಂದ ನೀರಿನ ಧಾರೆ ಒಂದು ನಿಮಿಷದೊಳಗೆ ಬರದಿದ್ದರೆ ಆಫ್ ಮಾಡಿ. ತೂತಿನಲ್ಲಿ ಜೇಡ ಗೂಡು ಕಟ್ಟಿದೆಯೇ ಎಂದು ತಂತಿ ಹಾಕಿ ನೋಡಿ, ಆಮೇಲೆ ಇಂಪೆಲ್ಲರನ್ನು ಶಂಕಿಸಿ.

ಕುಡಿಯುವ ನೀರಿನ ಟ್ಯಾಂಕನ್ನು ಎರಡು-ಮೂರು ಸಲ ತುಂಬಿಸಿ ಚೆಲ್ಲಿ. ಲೈಫ್ ಜಾಕೆಟ್, ಅಗ್ನಿಶಾಮಕ, ಫ್ಲೇರ್‌ಗಳ ಅವಧಿ ನೋಡಿ.

ಇಳಿಸುವ ದಿನ ಬಿಲ್ಜ್ ಪ್ಲಗ್ ಹಾಕಿದ್ದನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಟ್ರೇಲರಿನ ಪಟ್ಟಿ ಬಿಚ್ಚದೆ, ಹಿಂಬದಿ ತೇಲುವಷ್ಟು ಮಾತ್ರ ಇಳಿಸಿ ಹತ್ತು ನಿಮಿಷ ಕಾಯಿರಿ: ಬಿಲ್ಜ್, ಸೀಕಾಕ್, ಬೆಲೋಸ್ ಸುತ್ತ ಕೈಯಾಡಿಸಿ. ನೀರು ಕಂಡರೆ ಎಳೆದುಕೊಳ್ಳಲು ಟ್ರೇಲರ್ ಅಲ್ಲೇ ಇದೆ. ದಡಕ್ಕೆ ಕಟ್ಟಿರುವಾಗಲೇ ಗೇರನ್ನು ಮುಂದಕ್ಕೂ ಹಿಂದಕ್ಕೂ ಹಾಕಿ, ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ. ಮೊದಲ ಓಟ ದಡದ ಹತ್ತಿರವೇ ಇರಲಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಒಂದು ಗಂಟೆ ಓಡಿದ ಮೇಲೆ ಎಂಜಿನ್ ಆಯಿಲಿನ ಬಣ್ಣ, ಬೆಲ್ಟಿನ ಬಿಗಿ, ಇಂಧನ ಸೆಪರೇಟರಿನ ತಳದ ನೀರು ಮೂರನ್ನೂ ಮತ್ತೆ ನೋಡಿ. ಟ್ಯಾಂಕಿನ ತಳದಲ್ಲಿ ಕೂತಿದ್ದ ಕಸ ಅಲುಗಾಟಕ್ಕೆ ಎದ್ದು ಫಿಲ್ಟರಿಗೆ ಬರುವುದು ಆ ಹೊತ್ತಿಗೇ, ಹಾಗಾಗಿ ಬದಲಿ ಫಿಲ್ಟರೊಂದು ಬೋಟಿನಲ್ಲಿರಲಿ.